13 ಅಡಿ ಟ್ರೇಲರ್, ಜೂನ್ ಬಿಸಿಲು, ಜೊತೆಗೆ ಅಪ್ಪ-ಅಮ್ಮ: ಒಳಗೆ ತಂಪಾಗಿಡೋದು ಹೇಗೆ?

ಬಳ್ಳಾರಿ ಹುಡುಗ, ಚಾಂಡ್ಲರ್ (ಅರಿಜೋನಾ)

ಎಲ್ಲರಿಗೂ ನಮಸ್ಕಾರ. ನಾವಿರೋದು ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ. ಕಳೆದ ಚಳಿಗಾಲದಲ್ಲಿ ಒಂದು ಹಳೆಯ ಸ್ಕ್ಯಾಂಪ್ ಟ್ರೇಲರ್ (ಗಾಡಿಯ ಹಿಂದೆ ಎಳೆದುಕೊಂಡು ಹೋಗೋ ಪುಟ್ಟ ಮನೆ) ತಗೊಂಡಿದ್ದೇವೆ. 13 ಅಡಿ, ಬಿಳಿ ಫೈಬರ್‌ಗ್ಲಾಸ್ ಮೈ. ಹಿಂದಿನ ಊಟದ ಟೇಬಲ್ ಇಳಿಸಿದರೆ ಇಬ್ಬರಿಗೆ ಹಾಸಿಗೆ, ಮುಂದಿನ ಸೋಫಾ ಎತ್ತಿದರೆ ಬಂಕ್. ಫೆಬ್ರವರಿ, ಮಾರ್ಚ್‌ನಲ್ಲಿ ತುಂಬಾ ಸುಖವಾಗಿತ್ತು. ಈಗ ನಿಜವಾದ ಪರೀಕ್ಷೆ ಬಂದಿದೆ.

ಜೂನ್ ಎರಡನೇ ವಾರ ಅಪ್ಪ-ಅಮ್ಮ ಊರಿಂದ ಬರುತ್ತಾರೆ. ಅವರನ್ನು ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿಗೆ, ಅಲ್ಲಿಂದ ಪೇಜ್ ಅನ್ನೋ ಊರಿನ ಹತ್ತಿರದ ಲೇಕ್ ಪೊವೆಲ್‌ಗೆ ಕರೆದುಕೊಂಡು ಹೋಗುವ ಆಸೆ. ಅಪ್ಪನಿಗೆ ಬಿಪಿ ಇದೆ, ಮಾತ್ರೆ ತಗೊಳ್ತಾರೆ. ಅಮ್ಮನಿಗೆ ಶುಗರ್, ದಿನಾ ಇನ್ಸುಲಿನ್. ರಾತ್ರಿ ಅವರಿಬ್ಬರೂ ಟ್ರೇಲರ್‌ನಲ್ಲಿ ಮಲಗುತ್ತಾರೆ, ನಾನು ಮತ್ತು ನನ್ನ ಹೆಂಡತಿ ಪಕ್ಕದಲ್ಲೇ ಟೆಂಟ್ ಹಾಕಿಕೊಳ್ಳುತ್ತೇವೆ.

ನಮ್ಮ ಟ್ರೇಲರ್‌ನಲ್ಲಿ ಎಸಿ ಇಲ್ಲ. ಮೇಲೆ 14 ಇಂಚಿನ ಒಂದು ಗಾಳಿಕಿಂಡಿ ಇದೆ, ಹಿಡಿಕೆ ತಿರುಗಿಸಿ ತೆರೆಯೋದು. ಅದಕ್ಕೆ ಫ್ಯಾನ್ ಇಲ್ಲ. ಮೊನ್ನೆ ಮಧ್ಯಾಹ್ನ ಮನೆ ಮುಂದೆ ಬಿಸಿಲಲ್ಲಿ ನಿಲ್ಲಿಸಿ, ಎಲ್ಲಾ ಮುಚ್ಚಿ, ಒಳಗೆ ಥರ್ಮಾಮೀಟರ್ ಇಟ್ಟು ನೋಡಿದೆ. ಹೊರಗೆ 100 ಡಿಗ್ರಿ ಫ್ಯಾರನ್‌ಹೀಟ್ ಇದ್ದಾಗ ಒಳಗೆ 115 ದಾಟಿತ್ತು. ಸೀಟಿನ ರೆಕ್ಸಿನ್ ಮುಟ್ಟೋಕೂ ಆಗುತ್ತಿರಲಿಲ್ಲ.

ಟ್ರೇಲರ್ ರಿಪೇರಿ ಅಂಗಡಿಯೊಂದರಲ್ಲಿ ಕೇಳಿದೆ. ಮೇಲಿನ ಕಿಂಡಿ ಕಿತ್ತು 13,500 ಬಿಟಿಯು (ಎಸಿಯ ಶಕ್ತಿ ಅಳೆಯೋ ಲೆಕ್ಕ) ಎಸಿ ಕೂರಿಸಿಬಿಡಿ, ಮುಗೀತು ಅಂದರು. ಖರ್ಚಿನ ಮಾತು ಪಕ್ಕಕ್ಕಿಡಿ. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ನಮಗೆ ಸಿಕ್ಕಿರೋದು ಮ್ಯಾದರ್ ಕ್ಯಾಂಪ್‌ಗ್ರೌಂಡ್, ಅಲ್ಲಿ ಕರೆಂಟೇ ಇಲ್ಲ. ಪೇಜ್‌ನಲ್ಲಿ ಕರೆಂಟ್ ಇರುವ ಜಾಗ ಸಿಕ್ಕಿದೆ.

ಮೊದಲು ಏನು ಮಾಡಬೇಕು? ಕಿಟಕಿಗೆ ಬೆಳ್ಳಿ ಹಾಳೆ ಹಚ್ಚಿದರೆ ಸಾಕಾ? ನೀರಿನ ಕೂಲರ್ ಇಟ್ಟರೆ ನಡೆಯುತ್ತಾ? ಇಂಥ ಬಿಸಿಲಲ್ಲಿ ಚಿಕ್ಕ ಟ್ರೇಲರ್ ಇಟ್ಟುಕೊಂಡು ಓಡಾಡಿದವರು ದಯವಿಟ್ಟು ಹೇಳಿ.

---

ರಾಯಚೂರು ಸೀಮೆಯವಳು, ಟೂಸಾನ್ (ಅರಿಜೋನಾ)

ನಮಸ್ಕಾರ. ಅಪ್ಪ-ಅಮ್ಮನ ಜೊತೆ ಹೊರಟಿದ್ದೀರಿ, ಬಹಳ ಒಳ್ಳೆಯದು. ನಮ್ಮದೂ ಫೈಬರ್‌ಗ್ಲಾಸ್ ಟ್ರೇಲರೇ, ಕ್ಯಾಸಿಟಾ, 17 ಅಡಿ. ನಮ್ಮ ಯಜಮಾನರು ರಿಟೈರ್ ಆದ ಮೇಲೆ ಬೇಸಿಗೆಯಲ್ಲೂ ಮನೆಯಲ್ಲಿ ಕೂರೋದಿಲ್ಲ. ಹಾಗಾಗಿ ನಾನು ಬಲ್ಲದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲ ಮಾತು: ಎಸಿ ಬಗ್ಗೆ ಕೊನೆಯಲ್ಲಿ ಯೋಚಿಸಿ. ಮೊದಲು ನೆರಳು. ಬಿಸಿಲನ್ನು ಟ್ರೇಲರ್ ಮೈಗೆ ಬೀಳೋಕೇ ಬಿಡಬಾರದು. ಒಳಗೆ ಬಂದ ಶಾಖವನ್ನು ಹೊರಗೆ ಹಾಕೋದು ಕಷ್ಟ, ದುಡ್ಡಿನ ಕೆಲಸ. ಬರದಂತೆ ತಡೆಯೋದು ಸುಲಭ, ಅಗ್ಗ.

ಲೆಕ್ಕ ನೋಡಿ. ನಿಮ್ಮದು 13 ಅಡಿ ಅಂದರೂ ಮುಂದಿನ ಕೊಂಡಿ ಬಿಟ್ಟರೆ ಮೈ ಉದ್ದ 10 ಅಡಿ ಮಾತ್ರ, ಅಗಲ ಆರೂವರೆ ಅಡಿ ಚಿಲ್ಲರೆ. ಅಂದರೆ ಮೇಲ್ಭಾಗ ಸುಮಾರು 6 ಚದರ ಮೀಟರ್. ನಡು ಮಧ್ಯಾಹ್ನ ಶುಭ್ರ ಆಕಾಶ ಇದ್ದರೆ ಒಂದು ಚದರ ಮೀಟರ್‌ಗೆ ಹತ್ತಿರ ಹತ್ತಿರ 1,000 ವ್ಯಾಟ್ ಬಿಸಿಲು ಸುರಿಯುತ್ತದೆ. ನಿಮ್ಮ ನೆತ್ತಿಯ ಮೇಲೆ ಒಟ್ಟು 6,000 ವ್ಯಾಟ್! ಬಿಳಿ ಮೈ ಅದರಲ್ಲಿ ಬಹುಪಾಲನ್ನು ವಾಪಸ್ ಎಸೆಯುತ್ತದೆ, ಅದು ನಿಮ್ಮ ಪುಣ್ಯ. ಆದರೆ ಹಳೆಯ ಫೈಬರ್‌ಗ್ಲಾಸ್ ಹೊಳಪು ಹೋಗಿ, ಧೂಳು ಹಿಡಿದು ಮಂಕಾಗಿರುತ್ತದೆ. ಹೊರಡುವ ಮುಂಚೆ ಮೇಲ್ಭಾಗವನ್ನು ಚೆನ್ನಾಗಿ ತೊಳೆದು ವ್ಯಾಕ್ಸ್ ಮಾಡಿ. ಈಗ ಎಸಿ ಕಡೆ ಬನ್ನಿ. 5,000 ಬಿಟಿಯು ಎಸಿ ಹೊರಗೆ ಹಾಕೋದು ಸುಮಾರು 1,465 ವ್ಯಾಟ್ ಶಾಖ ಅಷ್ಟೇ. ನೆರಳಿಲ್ಲದೆ ಎಸಿ ಹಾಕಿದರೆ ಅದು ದಿನವಿಡೀ ಬಿಸಿಲಿನ ಜೊತೆ ಕುಸ್ತಿ ಆಡುತ್ತಾ ಇರುತ್ತದೆ.

ನೆರಳು ಹಾಕೋದು ಹೇಗೆ? ನಮ್ಮ ಕಡೆ ಬೇಸಿಗೆಗೆ ಅಂಗಳದಲ್ಲಿ ಚಪ್ಪರ ಹಾಕ್ತಾರಲ್ಲ, ಅದೇ. ಚಪ್ಪರದ ಕೆಳಗೆ ಗಾಳಿ ಓಡಾಡುತ್ತದೆ, ಅದಕ್ಕೇ ಅದು ತಂಪು. ಟ್ರೇಲರ್ ಮೇಲೆ ಟಾರ್ಪಾಲನ್ನು ಅಂಟಿಸಿದ ಹಾಗೆ ಹೊದಿಸಿದರೆ ಟಾರ್ಪಾಲ್ ಕಾದು ಆ ಕಾವು ನೇರ ಒಳಗೆ ಇಳಿಯುತ್ತದೆ. ನಡುವೆ ಕನಿಷ್ಠ ಆರು ಇಂಚು ಸಂದು ಬೇಕೇ ಬೇಕು, ಸಾಧ್ಯವಾದರೆ ಒಂದು ಅಡಿ.

ನಾನು ಬಳಸೋದು ಅಲ್ಯುಮಿನೆಟ್ ಅನ್ನೋ ಶೇಡ್ ನೆಟ್. ನರ್ಸರಿಗಳಲ್ಲಿ ಗಿಡಗಳ ಮೇಲೆ ಹಾಕೋ ಬಲೆ ಇರುತ್ತಲ್ಲ, ಅದರ ಬೆಳ್ಳಿ ಬಣ್ಣದ ಅಣ್ಣ. 70 ಪರ್ಸೆಂಟ್ ಬಿಸಿಲು ತಡೆಯೋದನ್ನು ತಗೊಳ್ಳಿ. ಬಿಸಿಲನ್ನು ವಾಪಸ್ ಹೊಡೆಯುತ್ತದೆ, ಬಲೆಯಾದ್ದರಿಂದ ಗಾಳಿ ತೂರಿ ಹೋಗುತ್ತದೆ. ಈಜುಕೊಳದಲ್ಲಿ ಮಕ್ಕಳು ಹಿಡಿದುಕೊಂಡು ಆಡೋ ಉದ್ದನೆಯ ಫೋಮ್ ಕೊಳವೆ ಗೊತ್ತಲ್ಲ? ಅಂಥವು ಒಂದಷ್ಟು ತಗೊಳ್ಳಿ. ಆರು ಇಂಚು ಎತ್ತರ ಬರುವಷ್ಟನ್ನು ಜೋಡಿಸಿ ಕಟ್ಟಿ, ಟ್ರೇಲರ್ ಮೇಲೆ ಅಡ್ಡಡ್ಡ ಹಾಕಿ, ಅದರ ಮೇಲೆ ನೆಟ್ ಎಳೆಯಿರಿ. ಸಂದು ತಾನಾಗಿಯೇ ಆಗುತ್ತದೆ, ಫೈಬರ್‌ಗ್ಲಾಸ್‌ಗೆ ಗೀರೂ ಬೀಳೋದಿಲ್ಲ. ಮೇಲಿನ ಗಾಳಿಕಿಂಡಿಯ ಜಾಗದಲ್ಲಿ ಕೊಳವೆ ಬರದ ಹಾಗೆ ನೋಡಿಕೊಳ್ಳಿ, ಕಿಂಡಿಯ ಮುಚ್ಚಳ ಪೂರ್ತಿ ತೆರೆದುಕೊಳ್ಳಬೇಕು.

ನೆಟ್‌ನ ಅಂಚನ್ನು ಗೋಡೆಗೆ ತಾಗಿಸಿ ಇಳಿಬಿಡಬೇಡಿ. ಎರಡೂ ಕಡೆ ಹೊರಗೆ ಚಾಚಿ, ಕಂಬ ಕೊಟ್ಟು, ಗೂಟ ಹೊಡೆದು ಕಟ್ಟಿ. ಹಗ್ಗ ನೇರವಾಗಿ ಬಿಗಿಯಬೇಡಿ. ತುದಿಯಲ್ಲಿ ಗುಂಡಿನ ಹಾಗಿರೋ ಎಲಾಸ್ಟಿಕ್ ಬಂಜಿ ಸಿಗುತ್ತವೆ, ಅದನ್ನು ಹಾಕಿ. ಗಾಳಿ ಎಳೆದಾಗ ಅದು ಹಿಗ್ಗುತ್ತದೆ, ನೆಟ್‌ನ ಕಣ್ಣು ಹರಿಯೋದಿಲ್ಲ. ಲೇಕ್ ಪೊವೆಲ್ ಹತ್ತಿರ ಮಧ್ಯಾಹ್ನದ ಮೇಲೆ ಗಾಳಿ ಜೋರಾಗಬಹುದು. ಟ್ರೇಲರ್ ಬಿಟ್ಟು ಎಲ್ಲಿಗಾದರೂ ಹೋಗುವಾಗ ನೆಟ್ ಬಿಚ್ಚಿ ಒಳಗೆ ಹಾಕಿ ಹೋಗಿ.

ಇನ್ನು ನಿಲ್ಲಿಸುವ ದಿಕ್ಕು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೂ ಬಹಳ ಜನ ಗಮನ ಕೊಡೋದಿಲ್ಲ. ಜೂನ್‌ನಲ್ಲಿ ನಡು ಮಧ್ಯಾಹ್ನ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತಾನೆ. ದಕ್ಷಿಣದ ಗೋಡೆಗೆ ಬಿಸಿಲು ಸುಮ್ನೆ ಸವರಿಕೊಂಡು ಹೋಗುತ್ತದೆ. ನಿಜವಾದ ಶತ್ರು ಪಶ್ಚಿಮದ ಬಿಸಿಲು. ಮಧ್ಯಾಹ್ನ ಮೂರರಿಂದ ಸಂಜೆ ಏಳರ ತನಕ ಗೋಡೆಗೆ ನೇರ ಬಡಿಯುತ್ತದೆ. ಆದ್ದರಿಂದ ಉದ್ದನೆಯ ಗೋಡೆಯನ್ನು ಪಶ್ಚಿಮಕ್ಕೆ ಕೊಡಬೇಡಿ. ಟ್ರೇಲರ್‌ನ ಮೂತಿ ಪಶ್ಚಿಮಕ್ಕಿರಲಿ. ಆಗ ಬಾಗಿಲು ಉತ್ತರಕ್ಕೆ ಬರುತ್ತದೆ, ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂರೋಕೂ ಅನುಕೂಲ. ಎಳೆಯೋ ಗಾಡಿಯನ್ನು ಬಿಚ್ಚದೆ ಹಾಗೇ ಮುಂದೆ ನಿಲ್ಲಿಸಿದರೆ ಮೂತಿಗೆ ಅಷ್ಟಿಷ್ಟು ನೆರಳೂ ಸಿಗುತ್ತದೆ. ಕ್ಯಾಂಪ್‌ಗ್ರೌಂಡ್‌ನಲ್ಲಿ ಎಲ್ಲಾ ಕಡೆ ಈ ಆಯ್ಕೆ ಇರೋದಿಲ್ಲ ನಿಜ. ಆದರೆ ಜಾಗ ಬುಕ್ ಮಾಡುವಾಗ ನಕ್ಷೆ ನೋಡಿದರೆ ಯಾವ ಜಾಗ ಯಾವ ದಿಕ್ಕಿಗಿದೆ ಅಂತ ಗೊತ್ತಾಗುತ್ತದೆ.

ಕಿಟಕಿಗೆ ಬೆಳ್ಳಿ ಹಾಳೆ ಕೇಳಿದಿರಿ. ಹಾಕಿ, ಆದರೆ ಹೊರಗಡೆಯಿಂದ. ಒಳಗೆ ಹಾಕಿದರೆ ಬಿಸಿಲು ಗಾಜು ದಾಟಿ ಆಗಲೇ ಒಳಗೆ ಬಂದಿರುತ್ತದೆ. ಗಾಜಿಗೂ ಹಾಳೆಗೂ ನಡುವೆ ಸಿಕ್ಕಿಕೊಂಡ ಬಿಸಿ ನಿಧಾನಕ್ಕೆ ಒಳಗೇ ಸೋರುತ್ತದೆ. ಹೊರಗಿನಿಂದ ಮುಚ್ಚಿದರೆ ಗಾಜೇ ಕಾಯೋದಿಲ್ಲ. ಗುಳ್ಳೆ ಗುಳ್ಳೆ ಇರೋ ರಿಫ್ಲೆಕ್ಟಿಕ್ಸ್ ಹಾಳೆಯನ್ನು ಕಿಟಕಿ ಅಳತೆಗೆ ಕತ್ತರಿಸಿ, ಅಂಚಿಗೆ ಟೇಪ್ ಹಚ್ಚಿ, ರಬ್ಬರ್ ಹೀರುಬಟ್ಟಲಿನಲ್ಲಿ ಸಿಕ್ಕಿಸಿ. ಮೂತಿಯ ದೊಡ್ಡ ಕಿಟಕಿ ಮೊದಲು. ನಾನು ಹೇಳಿದ ದಿಕ್ಕಿಗೆ ನಿಲ್ಲಿಸಿದರೆ ಹಿಂದಿನ ಹಾಸಿಗೆಯ ಕಿಟಕಿ ಪೂರ್ವಕ್ಕೆ ಬರುತ್ತದೆ, ಅರಿಜೋನಾದಲ್ಲಿ ಜೂನ್‌ನಲ್ಲಿ ಐದು ಕಾಲಿಗೆಲ್ಲಾ ಸೂರ್ಯ ಹುಟ್ಟುತ್ತಾನೆ. ಅಪ್ಪ-ಅಮ್ಮ ಸ್ವಲ್ಪ ಹೊತ್ತು ನಿದ್ದೆ ಮಾಡಲಿ, ಅದಕ್ಕೂ ಒಂದು ಹಾಳೆ ಹಾಕಿ.

ಆಮೇಲೆ ಫ್ಯಾನ್. ನಿಮ್ಮ 14 ಇಂಚಿನ ಕಿಂಡಿಗೆ ಸರಿಯಾಗಿ ಕೂರೋ 12 ವೋಲ್ಟ್ ಫ್ಯಾನ್ ಸಿಗುತ್ತವೆ. ಮ್ಯಾಕ್ಸ್‌ಫ್ಯಾನ್, ಫ್ಯಾಂಟಾಸ್ಟಿಕ್ ಎರಡೂ ಚೆನ್ನಾಗಿವೆ. ಪೂರ್ತಿ ವೇಗದಲ್ಲಿ ನಿಮಿಷಕ್ಕೆ 900 ಘನ ಅಡಿ ಗಾಳಿ ಎಳೆಯುತ್ತವೆ. ನಿಮ್ಮ ಟ್ರೇಲರ್ ಒಳಗಿನ ಗಾಳಿಯೆಲ್ಲಾ ಒಂದು ನಿಮಿಷದೊಳಗೆ ಬದಲಾಗುತ್ತದೆ ಅಂದ ಹಾಗಾಯಿತು. ಫ್ಯಾನ್ ಗಾಳಿಯನ್ನು ಹೊರಕ್ಕೆ ಎಳೆಯೋ ಹಾಗಿರಲಿ, ಕಿಟಕಿ ಒಂದೇ ಒಂದು ತೆರೆಯಿರಿ. ನೆರಳಿನ ಕಡೆಯದು, ಹಾಸಿಗೆಯ ಪಕ್ಕದ್ದು. ಎಲ್ಲಾ ಕಿಟಕಿ ತೆರೆದರೆ ಗಾಳಿ ಎಲ್ಲಿಂದಲೂ ಜೋರಾಗಿ ಬರೋದಿಲ್ಲ. ಒಂದೇ ತೆರೆದರೆ ಮಲಗಿದವರ ಮೈಮೇಲೇ ಹಾದು ಹೋಗುತ್ತದೆ.

ಹಗಲು ಹೊರಗೆ 100 ಇದ್ದಾಗ ಜೋರಾಗಿ ಫ್ಯಾನ್ ಹಾಕಿ ಆ ಬಿಸಿಗಾಳಿಯನ್ನೇ ಒಳಗೆ ಎಳೆದುಕೊಳ್ಳೋದರಲ್ಲಿ ಜಾಸ್ತಿ ಲಾಭವಿಲ್ಲ. ಒಳಗೆ ಹೊರಗಿಗಿಂತ ಬಿಸಿ ಇದ್ದಾಗ ಮಾತ್ರ ಹಾಕಿ. ಫ್ಯಾನಿನ ನಿಜವಾದ ಕೆಲಸ ಸಂಜೆ ಶುರು. ಮರುಭೂಮಿಯಲ್ಲಿ ಸೂರ್ಯ ಮುಳುಗಿದ ಮೇಲೆ ಹೊರಗಿನ ಗಾಳಿ ಬೇಗ ತಣ್ಣಗಾಗುತ್ತದೆ. ಟ್ರೇಲರ್ ಗೋಡೆ ತೆಳು, ಶಾಖವನ್ನು ಹಿಡಿದಿಟ್ಟುಕೊಳ್ಳೋದಿಲ್ಲ, ಅದೂ ಬೇಗ ತಣಿಯುತ್ತದೆ. ಹಟ ಹಿಡಿಯೋದು ಒಳಗಿನ ಫೋಮ್ ಹಾಸಿಗೆ, ಪಾತ್ರೆ, ಡಬ್ಬಿ. ಸಂಜೆ ಹಾಸಿಗೆ ಎತ್ತಿ ನಿಲ್ಲಿಸಿ, ಕಪಾಟಿನ ಬಾಗಿಲು ತೆರೆದಿಡಿ. ರೆಕ್ಸಿನ್ ಮೇಲೆ ದಪ್ಪ ಹತ್ತಿಯ ಜಮಖಾನ ಹಾಸಿ.

ಕೊನೆಗೆ ಎಲ್ಲಕ್ಕಿಂತ ದೊಡ್ಡ ಉಪಾಯ: ಎತ್ತರ. ಫೀನಿಕ್ಸ್ 1,100 ಅಡಿ, ಫ್ಲ್ಯಾಗ್‌ಸ್ಟಾಫ್ 7,000 ಅಡಿ, ಕ್ಯಾನ್ಯನ್‌ನ ದಕ್ಷಿಣ ಅಂಚೂ ಸುಮಾರು 7,000 ಅಡಿ. ಕೆಳಗೆ 108 ಇರೋ ದಿನ ಅಲ್ಲಿ 80ರ ಆಸುಪಾಸು ಇರುತ್ತದೆ. ಮ್ಯಾದರ್‌ನಲ್ಲಿ ಮರದ ನೆರಳೂ ಇದೆ. ಅಲ್ಲಿ ಎಸಿ ನೆನಪೂ ಆಗೋದಿಲ್ಲ, ರಾತ್ರಿಗೆ ಕಂಬಳಿ ತಗೊಂಡು ಹೋಗಿ. ಅಪ್ಪ ಉತ್ಸಾಹದಲ್ಲಿ ಕ್ಯಾನ್ಯನ್ ಒಳಗೆ ಸ್ವಲ್ಪ ದೂರ ಇಳಿಯೋಣ ಅಂದರೆ ಮಾತ್ರ ತಡೆಯಿರಿ. ಇಳಿದಷ್ಟೂ ಬಿಸಿ ಏರುತ್ತದೆ, ಹತ್ತೋದು ಬಿಸಿಲಿನ ಹೊತ್ತಿಗೇ ಬರುತ್ತದೆ. ನೀವು ತಲೆ ಕೆಡಿಸಿಕೊಳ್ಳಬೇಕಾದ್ದು ಪೇಜ್ ಬಗ್ಗೆ. ಅದು 4,300 ಅಡಿ ಅಷ್ಟೇ, ಕೆರೆ ದಂಡೆಯಲ್ಲಿ ಮರವೂ ಕಡಿಮೆ.

---

ಹ್ಯೂಸ್ಟನ್ ಮಂಗಳೂರಿಗ

ಅಕ್ಕ ಬರೆದದ್ದೆಲ್ಲಾ ಒಣ ಹವೆಗೆ ನೂರಕ್ಕೆ ನೂರು ಸರಿ. ಟೆಕ್ಸಸ್ ಕರಾವಳಿ, ಫ್ಲೋರಿಡಾ, ಲೂಯಿಸಿಯಾನಾ ಕಡೆಯವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ ಒಂದೆರಡು ಮಾತು ಸೇರಿಸುತ್ತೇನೆ.

ನಮ್ಮಲ್ಲಿ ನೀರಿನ ಕೂಲರ್ ತರಲೇಬೇಡಿ. ಗಾಳಿಯಲ್ಲಿ ಆಗಲೇ ನೀರು ತುಂಬಿಕೊಂಡಿರುತ್ತದೆ, ಇನ್ನಷ್ಟು ಹೇಗೆ ಆರುತ್ತದೆ ಹೇಳಿ? ಮಂಗಳೂರಿನಲ್ಲಿ ಕೂಲರ್ ಇಟ್ಟವರನ್ನು ನೋಡಿದ್ದೀರಾ? ಒಳಗೆಲ್ಲಾ ಜಿಗುಟು, ಹಾಸಿಗೆ ತಂಡಿ, ನಾಲ್ಕು ದಿನಕ್ಕೆ ಬೂಸ್ಟು ವಾಸನೆ. ರಾತ್ರಿ ಫ್ಯಾನ್ ಹಾಕಿ ತಣ್ಣನೆ ಗಾಳಿ ಎಳೆದುಕೊಳ್ಳೋದೂ ಇಲ್ಲಿ ನಡೆಯೋದಿಲ್ಲ, ರಾತ್ರಿಯೂ ಸೆಖೆ ಇಳಿಯೋದೇ ಇಲ್ಲ.

ಇಲ್ಲಿ ನೆರಳು ಮತ್ತು ಎಸಿ, ಎರಡೇ ದಾರಿ. ಎಸಿ ಹಾಕಿದರೆ ಎಲ್ಲಾ ಕಿಂಡಿ ಬಿಗಿಯಾಗಿ ಮುಚ್ಚಬೇಕು. ಮೇಲಿನ ಕಿಂಡಿಯ ಪ್ಲಾಸ್ಟಿಕ್ ಮುಚ್ಚಳದಿಂದಲೂ ಬಿಸಿಲು ಇಳಿಯುತ್ತದೆ, ಅದಕ್ಕೆ 14 ಇಂಚಿನ ಚೌಕದ ಫೋಮ್ ದಿಂಬು ಸಿಗುತ್ತದೆ, ಒಳಗಿನಿಂದ ತುರುಕಿ. ದೊಡ್ಡ ಎಸಿ ಹಾಕಿದರೆ ಒಳ್ಳೆಯದು ಅಂತ ಅಂದುಕೊಳ್ಳಬೇಡಿ. ಚಿಕ್ಕ ಟ್ರೇಲರ್‌ಗೆ ದೊಡ್ಡ ಎಸಿ ಐದೇ ನಿಮಿಷದಲ್ಲಿ ತಣ್ಣಗೆ ಮಾಡಿ ನಿಂತುಬಿಡುತ್ತದೆ. ಗಾಳಿಯ ತೇವ ಎಳೆಯೋಕೆ ಅದಕ್ಕೆ ಸಮಯವೇ ಸಿಗೋದಿಲ್ಲ. ಚಿಕ್ಕದು ನಿಧಾನಕ್ಕೆ ಓಡುತ್ತಾ ಇದ್ದರೆ ತೇವವೂ ಹೋಗುತ್ತದೆ, ಮೈಗೂ ಹಿತ. ಫಿಲ್ಟರ್ ಕಸ ಕಟ್ಟಿದರೆ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿಕೊಂಡು ಗಾಳಿಯೇ ನಿಲ್ಲುತ್ತದೆ. ಪ್ರತಿ ಪ್ರವಾಸಕ್ಕೂ ಮುಂಚೆ ಫಿಲ್ಟರ್ ತೊಳೆಯಿರಿ.

---

ಕರೆಂಟ್ ಕೆಲಸದವನು, ಫ್ರೆಸ್ನೋ (ಕ್ಯಾಲಿಫೋರ್ನಿಯಾ)

ನನ್ನ ಉದ್ಯೋಗವೇ ವೈರಿಂಗ್, ಅದರ ಬಗ್ಗೆ ಮಾತ್ರ ಹೇಳುತ್ತೇನೆ.

ಅಂಗಡಿಯವರು ಹೇಳಿದ 13,500 ಬಿಟಿಯು ಎಸಿ ನಿಮ್ಮ ಟ್ರೇಲರ್‌ಗೆ ಬೇಡ. ಮೂರು ಕಾರಣ. ಅದರ ತೂಕ 70ರಿಂದ 100 ಪೌಂಡ್, ಹಳೆಯ ಸ್ಕ್ಯಾಂಪ್‌ನ ಮೇಲ್ಭಾಗಕ್ಕೆ ಒಳಗಿನಿಂದ ಆಸರೆ ಕೊಡದಿದ್ದರೆ ತಗ್ಗು ಬಿದ್ದು ಮಳೆನೀರು ನಿಲ್ಲುತ್ತದೆ. ಎರಡನೆಯದು, ನಿಮಗಿರೋ ಒಂದೇ ಕಿಂಡಿಯನ್ನು ಅದು ನುಂಗುತ್ತದೆ, ಆಮೇಲೆ ಫ್ಯಾನ್ ಎಲ್ಲಿ ಹಾಕ್ತೀರಿ? ಮ್ಯಾದರ್‌ನಲ್ಲಿ ಕರೆಂಟೇ ಇಲ್ಲ, ಅಲ್ಲಿ ಎಸಿಯೂ ಇಲ್ಲ ಫ್ಯಾನೂ ಇಲ್ಲ ಅನ್ನೋ ಹಾಗಾಗುತ್ತದೆ. ಮೂರನೆಯದು, ಓಡುವಾಗ ಅದು 12ರಿಂದ 15 ಆಂಪಿಯರ್ ಎಳೆಯುತ್ತದೆ. ಸ್ಟಾರ್ಟ್ ಆಗುವ ಕ್ಷಣಕ್ಕೆ ಅದರ ಎಷ್ಟೋ ಪಟ್ಟು. ಸಾಫ್ಟ್ ಸ್ಟಾರ್ಟ್ ಅನ್ನೋ ಸಾಧನ ಹಾಕದಿದ್ದರೆ ಹೋಂಡಾ 2200ದಂಥ ಚಿಕ್ಕ ಜನರೇಟರ್ ಅದನ್ನು ಎತ್ತೋದೇ ಇಲ್ಲ. ಎತ್ತರಕ್ಕೆ ಹೋದಷ್ಟೂ ಜನರೇಟರ್ ಶಕ್ತಿ ಕುಗ್ಗುತ್ತದೆ, ಪ್ರತಿ ಸಾವಿರ ಅಡಿಗೆ ಮೂರು-ಮೂರೂವರೆ ಪರ್ಸೆಂಟ್ ಹೋಗುತ್ತದೆ ಅಂತ ಇಟ್ಟುಕೊಳ್ಳಿ.

5,000 ಬಿಟಿಯುದ ಸಾದಾ ಕಿಟಕಿ ಎಸಿ ಸಾಕು. ಅದು 4 ಆಂಪಿಯರ್ ಆಸುಪಾಸು, 450 ವ್ಯಾಟ್ ಅಷ್ಟೇ. ಕೆಳಗಿನ ಕಪಾಟಿನಲ್ಲಿ ಕೂರಿಸಿ, ಬೆನ್ನಿನ ಬಿಸಿಗಾಳಿ ಪೂರ್ತಿ ಹೊರಗೆ ಹೋಗೋ ಹಾಗೆ ಜಾಲರಿ ಮಾಡಿಸಿ. ತಂಪು ಗಾಳಿ ಬರುವ ಮುಖಕ್ಕೂ ಬೆನ್ನಿಗೂ ನಡುವೆ ಒಂದು ಸಂದೂ ಇರಬಾರದು. ನೀರು ತೊಟ್ಟಿಕ್ಕೋಕೆ ಕೆಳಗೆ ಕೊಳವೆ. ಅಂಗಡಿಯಲ್ಲಿ ಒಂದೇ ಪೈಪಿನ, ಚಕ್ರದ ಮೇಲೆ ಉರುಳಿಸೋ ಪೋರ್ಟಬಲ್ ಎಸಿ ತೋರಿಸ್ತಾರೆ, ತಗೊಳ್ಳಬೇಡಿ. ಅದು ಒಳಗಿನ ಗಾಳಿಯನ್ನೇ ಪೈಪಿನಲ್ಲಿ ಹೊರಗೆ ತಳ್ಳುತ್ತದೆ. ಅಷ್ಟೇ ಗಾಳಿ ಸಂದಿಗೊಂದಿಯಿಂದ ಬಿಸಿಬಿಸಿಯಾಗಿ ಒಳಗೆ ನುಗ್ಗುತ್ತದೆ.

ಪೇಜ್‌ನಲ್ಲಿ ಪ್ಲಗ್ ಹಾಕುವಾಗ 12 ಗೇಜ್ ದಪ್ಪದ ವೈರ್ ಬಳಸಿ. ತೋಟಕ್ಕೆ ಬಳಸೋ ತೆಳು ಕೇಬಲ್ ಬೇಡ, ಬಿಸಿಯಾಗುತ್ತದೆ. ಮಧ್ಯಾಹ್ನ ಎಲ್ಲರೂ ಎಸಿ ಹಾಕಿದಾಗ ಕ್ಯಾಂಪ್‌ಗ್ರೌಂಡ್ ವೋಲ್ಟೇಜ್ ಇಳಿಯುತ್ತದೆ. ಪ್ಲಗ್‌ಗೆ ಸಿಕ್ಕಿಸೋ ವೋಲ್ಟ್ ಮೀಟರ್ ಒಂದು ತಗೊಳ್ಳಿ, ತುಂಬಾ ಅಗ್ಗ. 105ಕ್ಕಿಂತ ಕೆಳಗೆ ಹೋದರೆ ಎಸಿ ಆರಿಸಿಬಿಡಿ, ಕಂಪ್ರೆಸರ್ ಸುಡುತ್ತದೆ.

ಬ್ಯಾಟರಿಯಲ್ಲಿ ಎಸಿ ಓಡಿಸೋಣ ಅನ್ನೋದಾದರೆ, 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ 1,280 ವ್ಯಾಟ್-ಅವರ್ ಇರುತ್ತದೆ. ಈ ಚಿಕ್ಕ ಎಸಿಗೂ ಮೂರು ಗಂಟೆ ಬರೋದಿಲ್ಲ. ಅದೇ ಬ್ಯಾಟರಿಯಲ್ಲಿ ಮೇಲಿನ ಫ್ಯಾನ್ ಇಡೀ ರಾತ್ರಿ ಆರಾಮಾಗಿ ಓಡುತ್ತದೆ. ಯಾರದಾದರೂ ಜನರೇಟರ್ ತಂದರೆ ಟ್ರೇಲರ್‌ನಿಂದ, ನಿಮ್ಮ ಟೆಂಟಿನಿಂದ ಕನಿಷ್ಠ 20 ಅಡಿ ದೂರ, ಹೊಗೆ ಆಚೆ ಕಡೆ ಹೋಗೋ ಹಾಗೆ ಇಡಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದೆ ಯಾರನ್ನೂ ಒಳಗೆ ಮಲಗಿಸಬೇಡಿ. ಆ ವಿಷಾನಿಲಕ್ಕೆ ವಾಸನೆಯೇ ಇರೋದಿಲ್ಲ.

---

ಬಳ್ಳಾರಿ ಹುಡುಗ, ಚಾಂಡ್ಲರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫ್ಯಾನ್, ಅಲ್ಯುಮಿನೆಟ್ ಎರಡೂ ಆರ್ಡರ್ ಮಾಡಿದೆ. ಕಿಟಕಿ ಎಸಿ ಕೂರಿಸೋಕೆ ಕಪಾಟಿನ ಅಳತೆ ತೆಗೆದಿದ್ದೇನೆ, ಆದರೆ ಅಪ್ಪ-ಅಮ್ಮ ಬರುವಷ್ಟರಲ್ಲಿ ಆಗುತ್ತೋ ಇಲ್ಲವೋ ಗೊತ್ತಿಲ್ಲ. ಆಗದಿದ್ದರೆ ಪೇಜ್‌ನಲ್ಲಿ ನೀರಿನ ಕೂಲರ್ ನಡೆಯುತ್ತಾ ಅಕ್ಕಾ? ಫೋನಿನಲ್ಲಿ ಅಮ್ಮನಿಗೆ ಹೇಳಿದರೆ, ಕಿಟಕಿಗೆ ಒದ್ದೆ ಲಾವಂಚದ ತಟ್ಟಿ ಕಟ್ಟೋಣ, ನಾನೇ ತರ್ತೀನಿ ಅಂತಾರೆ!

ಇನ್ನೊಂದು ವಿಷಯ. ಅಮ್ಮ ಎಲ್ಲಿ ಹೋದರೂ ಬೆಳಿಗ್ಗೆ ಚಹಾ, ಮಧ್ಯಾಹ್ನ ಬಿಸಿ ಅನ್ನ-ಸಾರು ತಾವೇ ಮಾಡೋರು. ಒಳಗೆ ಎರಡು ಬರ್ನರ್ ಗ್ಯಾಸ್ ಒಲೆ ಇದೆ. ಫ್ರಿಜ್ ಕೂಡಾ ಗ್ಯಾಸಿನದೇ, ಬಿಸಿಲಲ್ಲಿ ಸರಿಯಾಗಿ ತಣ್ಣಗಾಗುತ್ತಿಲ್ಲ. ಇನ್ಸುಲಿನ್ ಯೋಚನೆ ಕಾಡ್ತಿದೆ.

---

ರಾಯಚೂರು ಸೀಮೆಯವಳು, ಟೂಸಾನ್

ಇನ್ಸುಲಿನ್ ಬಗ್ಗೆ ಮೊದಲು. ಆ ಫ್ರಿಜ್‌ನ ಮೇಲೆ ಅದನ್ನು ನಂಬಿ ಬಿಡಬೇಡಿ. ತೆರೆಯದ ಇನ್ಸುಲಿನ್ 36ರಿಂದ 46 ಡಿಗ್ರಿ ಫ್ಯಾರನ್‌ಹೀಟ್ ನಡುವೆ ಇರಬೇಕು. ಗ್ಯಾಸ್ ಫ್ರಿಜ್ ಹೊರಗಿನ ಬಿಸಿ ಏರಿದ ಹಾಗೆ ಸೋಲುತ್ತದೆ, ಟ್ರೇಲರ್ ಸ್ವಲ್ಪ ವಾಲಿ ನಿಂತರೂ ಸೋಲುತ್ತದೆ. ಕಾರಿನಲ್ಲಿ ಇಡೋ 12 ವೋಲ್ಟ್ ಕಂಪ್ರೆಸರ್ ಫ್ರಿಜ್ ಒಂದನ್ನು ತಗೊಳ್ಳಿ, ಇಲ್ಲಾ ಯಾರ ಹತ್ತಿರವಾದರೂ ಕೇಳಿ ತನ್ನಿ. ಒಳಗೊಂದು ಚಿಕ್ಕ ಥರ್ಮಾಮೀಟರ್ ಇಡಿ. ಐಸ್ ಪೆಟ್ಟಿಗೆಯಾದರೆ ಇನ್ಸುಲಿನ್ ಐಸಿಗೆ ತಾಗದ ಹಾಗೆ ಡಬ್ಬಿಯಲ್ಲಿ ಹಾಕಿ, ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು. ಅಪ್ಪನ ಬಿಪಿ ಮಾತ್ರೆಯಲ್ಲಿ ಮೂತ್ರ ಜಾಸ್ತಿ ಮಾಡಿಸೋ ಔಷಧ ಇದೆಯಾ ಅಂತ ಡಾಕ್ಟರನ್ನು ಕೇಳಿಕೊಂಡು ಬರಲಿ. ಇದ್ದರೆ ಈ ಒಣ ಬಿಸಿಲಲ್ಲಿ ಬೇಗ ನೀರಿನಂಶ ಇಳಿಯುತ್ತದೆ. ಇಲ್ಲಿ ಬೆವರು ಬಂದದ್ದೇ ತಿಳಿಯೋದಿಲ್ಲ, ಬಂದ ಹಾಗೇ ಆರಿಹೋಗುತ್ತದೆ. ಬಾಯಾರಿಕೆ ಆಗಲಿ ಅಂತ ಕಾಯಬಾರದು.

ಗ್ಯಾಸ್ ಫ್ರಿಜ್ ಉಳಿದ ತರಕಾರಿ, ಮೊಸರಿಗೆ ಇರಲಿ. ಅದರ ಹಿಂದಿನ ಗೋಡೆಯಲ್ಲಿ ಹೊರಗಡೆ ಎರಡು ಜಾಲರಿ ಇರುತ್ತವೆ, ಆ ಗೋಡೆಗೆ ಬಿಸಿಲು ಬೀಳದ ಹಾಗೆ ನೆಟ್ ಇಳಿಬಿಡಿ. ಮೇಲಿನ ಜಾಲರಿಯೊಳಗೆ ಕಂಪ್ಯೂಟರಿನ 12 ವೋಲ್ಟ್ ಚಿಕ್ಕ ಫ್ಯಾನ್ ಕಟ್ಟಿದರೆ ಹಿಂದಿನ ಬಿಸಿಗಾಳಿ ಹೊರಗೆ ಹೋಗಿ ಫ್ರಿಜ್ ಚೇತರಿಸಿಕೊಳ್ಳುತ್ತದೆ.

ಒಲೆ ಒಳಗೆ ಹಚ್ಚಲೇಬಾರದು. ಒಂದು ಬರ್ನರ್ ಅಂದರೆ 5,000ದಿಂದ 9,000 ಬಿಟಿಯು ಶಾಖ. ನಿಮ್ಮ 5,000ದ ಎಸಿ ಎಷ್ಟು ಹೊರಗೆ ಹಾಕುತ್ತದೋ ಅಷ್ಟನ್ನೂ ಒಂದು ಪಾತ್ರೆ ಅನ್ನ ವಾಪಸ್ ತುಂಬುತ್ತದೆ, ಆವಿ ಬೇರೆ. ಬಾಗಿಲ ಮುಂದೆ ನೆರಳಿನಲ್ಲಿ ಮಡಚುವ ಮೇಜು ಹಾಕಿ, ಅದರ ಮೇಲೆ ಕ್ಯಾಂಪ್ ಒಲೆ ಇಟ್ಟು, ಗಾಳಿಗೆ ಮರೆ ಕಟ್ಟಿಕೊಡಿ. ಅಮ್ಮನಿಗೆ ನಿಂತು ಮಾಡೋಕೆ ಸರಿಯಾದ ಎತ್ತರ ಇರಲಿ. ಅಂಗಳದ ಅಡುಗೆಯ ಖುಷಿ ಅವರಿಗೆ ಹೇಳಿಕೊಡಬೇಕಾಗಿಲ್ಲ. ಜೂನ್‌ನಲ್ಲಿ ಅರಿಜೋನಾ ಕಾಡುಗಳಲ್ಲಿ ಬೆಂಕಿ ನಿಷೇಧ ಇರೋದು ಮಾಮೂಲು. ಸೌದೆ ಬೆಂಕಿ ಹಾಕೋ ಹಾಗಿರೋದಿಲ್ಲ, ಆರಿಸೋ ತಿರುಪು ಇರುವ ಗ್ಯಾಸ್ ಒಲೆಗೆ ಸಾಮಾನ್ಯವಾಗಿ ಬಿಡ್ತಾರೆ. ಹೊರಡುವ ದಿನ ಒಮ್ಮೆ ವಿಚಾರಿಸಿಕೊಳ್ಳಿ.

ಈಗ ಕೂಲರ್. ಅಮ್ಮ ಹೇಳಿದ್ದು ಖಂಡಿತ ಸರಿ. ಜೂನ್ ಎರಡನೇ ವಾರ ಅಂದರೆ ನೀರಿನ ಕೂಲರ್‌ಗೆ ಹೇಳಿ ಮಾಡಿಸಿದ ಕಾಲ, ಮಧ್ಯಾಹ್ನ ಗಾಳಿಯಲ್ಲಿ ತೇವ 10 ಪರ್ಸೆಂಟ್ ಇದ್ದರೆ ಹೆಚ್ಚು. ಹೊರಗೆ 100 ಇದ್ದು ತೇವ 10 ಇದ್ದರೆ ಒಳ್ಳೆಯ ಪ್ಯಾಡ್ ಇರೋ ಕೂಲರ್ ಗಾಳಿಯನ್ನು 70ರ ಹತ್ತಿರಕ್ಕೆ ಇಳಿಸಬಲ್ಲದು. ಅದೇ ತೇವ 40ಕ್ಕೆ ಏರಿದರೆ 80ರ ಮೇಲೇ ನಿಲ್ಲುತ್ತದೆ, ಮಂಗಳೂರಿನವರು ಹೇಳಿದ ಜಿಗುಟೂ ಬರುತ್ತದೆ. ಅರಿಜೋನಾದ ಮಳೆಗಾಲ ಲೆಕ್ಕಕ್ಕೆ ಜೂನ್ 15ರಿಂದ ಸೆಪ್ಟೆಂಬರ್ 30. ತೇವ ನಿಜವಾಗಿ ಏರೋದು ಸಾಮಾನ್ಯವಾಗಿ ಜುಲೈನಲ್ಲಿ. ನೀವು ಬಚಾವ್.

ನೀರು ಎಷ್ಟು ಬೇಕು ಅನ್ನೋದನ್ನು ಮುಂಚೆಯೇ ಯೋಚಿಸಿ. ಒಂದು ಲೀಟರ್ ನೀರು ಆರುವಾಗ ಸುಮಾರು 0.67 ಯೂನಿಟ್ ಶಾಖ ಹೀರಿಕೊಳ್ಳುತ್ತದೆ. ಅಂದರೆ 5,000 ಬಿಟಿಯು ಎಸಿಯ ಸಮ ಬರೋಕೆ ಗಂಟೆಗೆ ಎರಡು ಲೀಟರ್ ಮೇಲೆ ಆರಬೇಕು. ಪೇಜ್‌ನಲ್ಲಿ ನಲ್ಲಿ ಇರುತ್ತದೆ, ಚಿಂತೆಯಿಲ್ಲ. ಕರೆಂಟೂ ನಲ್ಲಿಯೂ ಇಲ್ಲದ ಕಾಡಿನಲ್ಲಿ ಉಳಿಯುವಾಗ ಈ ಲೆಕ್ಕ ಮನಸ್ಸಿನಲ್ಲಿರಲಿ, ಕುಡಿಯೋ ನೀರಿಗೆ ಕೈ ಹಾಕಬಾರದು.

ಲಾವಂಚದ ತಟ್ಟಿ ವಿಮಾನದಲ್ಲಿ ತರೋದು ಬೇಡ ಅನ್ನಿ. ಇಲ್ಲಿನ ಅಧಿಕಾರಿಗಳು ಬೇರು-ನಾರಿನ ಸಾಮಾನನ್ನು ತಪಾಸಣೆಯಲ್ಲಿ ಹಿಡಿಯಬಹುದು. ಇಲ್ಲೇ ಕೂಲರ್ ಪ್ಯಾಡ್ ಹಾಳೆಯಾಗಿ ಸಿಗುತ್ತದೆ, ಟೂಸಾನ್, ಫೀನಿಕ್ಸ್‌ನಲ್ಲಿ ಹಾರ್ಡ್‌ವೇರ್ ಅಂಗಡಿಗಳಲ್ಲೆಲ್ಲಾ ಇದೆ. ರಾಯಚೂರಿನ ನಮ್ಮ ಮನೆಯ ಕೂಲರ್‌ನಲ್ಲಿ ಹಾಕ್ತಿದ್ದ ಮರದ ನಾರಿನ ಪ್ಯಾಡೇ ಇಲ್ಲೂ ಸಿಗುತ್ತದೆ, ಒದ್ದೆಯಾದಾಗ ಅದೇ ವಾಸನೆ. ನಿಮ್ಮ ನೆರಳಿನ ಕಡೆಯ ಕಿಟಕಿಯ ಅಳತೆಗೆ ಎರಡು ಪದರ ಕತ್ತರಿಸಿ, ತಂತಿ ಜಾಲರಿಯ ನಡುವೆ ಸಿಕ್ಕಿಸಿ, ಹೊರಗಿನಿಂದ ಕಿಟಕಿಗೆ ಕಟ್ಟಿ. ಮೇಲೆ ತೂತು ಕೊರೆದ ಒಂದು ತೆಳು ಪೈಪ್, ಕೆಳಗೆ ತಟ್ಟೆ, ತಟ್ಟೆಯಲ್ಲಿ ಅಕ್ವೇರಿಯಂ ಪಂಪ್. ಮೇಲಿನ ಫ್ಯಾನ್ ಹೊರಕ್ಕೆ ಎಳೆಯೋದರಿಂದ ಗಾಳಿ ಈ ಪ್ಯಾಡ್ ಮೂಲಕವೇ ಒಳಗೆ ಬರಬೇಕು, ಉಳಿದ ಕಿಟಕಿ ಎಲ್ಲಾ ಮುಚ್ಚಿರಲಿ. ಫ್ಯಾನ್ ಮಧ್ಯಮ ವೇಗದಲ್ಲಿಡಿ. ಪೂರ್ತಿ ಜೋರಾದರೆ ಗಾಳಿ ಸರಿಯಾಗಿ ತಣಿಯುವ ಮುಂಚೆಯೇ ನುಗ್ಗುತ್ತದೆ, ಹನಿಯೂ ಸಿಡಿಯುತ್ತದೆ. ಈ ಭಾಗದ ನೀರಿನಲ್ಲಿ ಸುಣ್ಣದಂಶ ಜಾಸ್ತಿ, ತಟ್ಟೆಯ ನೀರನ್ನು ದಿನಾ ಚೆಲ್ಲಿ ಹೊಸದು ಹಾಕಿ. ಇಲ್ಲದಿದ್ದರೆ ಪ್ಯಾಡ್ ಬಿಳಿ ಪುಡಿ ಹಿಡಿದು ಗಟ್ಟಿಯಾಗುತ್ತದೆ.

ಇಷ್ಟೆಲ್ಲಾ ಮಾಡಿಯೂ ಪೇಜ್‌ನಲ್ಲಿ ಮಧ್ಯಾಹ್ನ ಒಳಗೆ 90 ದಾಟಿದರೆ ಅಪ್ಪ-ಅಮ್ಮನನ್ನು ಒಳಗೆ ಕೂರಿಸಬೇಡಿ. ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಪಕ್ಕದಲ್ಲಿ ಕಾರ್ಲ್ ಹೇಡನ್ ವಿಸಿಟರ್ ಸೆಂಟರ್ ಇದೆ, ಒಳಗೆ ತಂಪು, ಕಿಟಕಿಯಿಂದ ಅಣೆಕಟ್ಟು ಪೂರ್ತಿ ಕಾಣುತ್ತದೆ. ಬಿಸಿಲು ಇಳಿಯೋ ತನಕ ಅಲ್ಲಿ ಕಳೆಯಬಹುದು. ತುಂಗಭದ್ರಾ ಡ್ಯಾಮ್ ನೋಡಿ ಬೆಳೆದ ಬಳ್ಳಾರಿಯವರಿಗೆ ಇದು ಇಷ್ಟವಾಗುತ್ತದೆ. ಫ್ಯಾನ್ ಕೂರಿಸುವಾಗ ಕಿಂಡಿಯ ಸುತ್ತ ಹಳೆಯ ಗೋಂದನ್ನು ಪೂರ್ತಿ ಕೆರೆದು ತೆಗೆದು, ನೀರು ಸೋರದ ಹಾಗೆ ತಡೆಯೋ ಬ್ಯುಟೈಲ್ ಟೇಪ್ ಹಾಕಿ. ಫೋಟೋ ಹಾಕಿದರೆ ನಮ್ಮ ಯಜಮಾನರು ನೋಡಿ ಹೇಳುತ್ತಾರೆ.